ಏಳನೇ ಕ್ಲಾಸಿನವರಿಗೆ ಆಸ್ತಿ ಹಕ್ಕು ಹೇಳಿಕೊಟ್ಟೆ, ಒಬ್ಬರ ಅಪ್ಪ ಗೇಟಿಗೇ ಬಂದರು

ಹಳ್ಳಿಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳುತ್ತೇನೆ, ಆರರಿಂದ ಎಂಟನೇ ಕ್ಲಾಸಿಗೆ. ಮೂಲಭೂತ ಹಕ್ಕುಗಳ ಪಾಠ ಬಂದಾಗ ಮಕ್ಕಳು ಆರು ಹಕ್ಕುಗಳ ಹೆಸರನ್ನು ಗಡಗಡ ಒಪ್ಪಿಸಿಬಿಡುತ್ತಾರೆ. ಏನು ಅಂತ ಕೇಳಿದರೆ ಮುಖ ಮುಖ ನೋಡುತ್ತಾರೆ. ಅದಕ್ಕೆ ಈ ಸಲ ಪುಸ್ತಕ ಮುಚ್ಚಿಸಿ, "ಇದು ನನ್ನದು ಅಂತ ನೀವು ಹೇಳಬಹುದಾದ್ದು ಏನಿದೆ?" ಅಂತ ಕೇಳಿದೆ.

ಒಬ್ಬ ಕಂಪಾಸ್ ಬಾಕ್ಸ್ ಅಂದ. ಪಕ್ಕದವನು ತಕ್ಷಣ "ಅದರೊಳಗಿನ ಕೈವಾರ ನಂದು ಸಾರ್" ಅಂದ. ಒಬ್ಬಳು ಮೇಕೆಮರಿ ಅಂದಳು. ತಾನೇ ಹಾಲು ಕುಡಿಸಿ ಸಾಕಿದ್ದಂತೆ. ಆಮೇಲೆ ಮೆಲ್ಲಗೆ, "ಆದ್ರೆ ಅಪ್ಪ ಸಂತೇಲಿ ಮಾರಿಬಿಟ್ರು" ಅಂತ ಸೇರಿಸಿದಳು. ಕ್ಲಾಸು ಕಾವೇರಿತು. ಕೊನೆಗೆ ಹಿಂದಿನ ಬೆಂಚಿನ ಹುಡುಗಿ ಎದ್ದು, "ಸಾರ್, ಹೊಲ ಎಲ್ಲಾ ಅಣ್ಣಂಗೆ ಅಂತಾರೆ ಮನೇಲಿ. ನಂಗೆ ಇಲ್ವಾ?" ಅಂತ ಕೇಳಿದಳು. ಕಾನೂನಿನ ಪ್ರಕಾರ ಇದೆ ಅಂದೆ.

ಮಾರನೇ ದಿನ ಪ್ರಾರ್ಥನೆ ಹೊತ್ತಿಗೆ ಅವಳ ಅಪ್ಪ ಗೇಟಿನ ಹತ್ತಿರ ಬೈಕ್ ನಿಲ್ಲಿಸಿಕೊಂಡು ನಿಂತಿದ್ದರು. "ಮೇಷ್ಟ್ರೇ, ಓದು ಬರಹ ಹೇಳಿಕೊಡಿ. ನಮ್ಮನೆ ಪಾಲು ಮಾಡಬೇಡಿ." ಹೆಡ್ ಮಾಸ್ಟರು "ಪುಸ್ತಕದಲ್ಲಿ ಇದ್ದಷ್ಟು ಹೇಳ್ರಿ" ಅಂದು ಸುಮ್ಮನಾದರು.

ಪಾಠ ಇನ್ನೂ ಮುಗಿದಿಲ್ಲ. ಸ್ವಾತಂತ್ರ್ಯ, ಆಸ್ತಿ, ಹೊಣೆಗಾರಿಕೆ ಮೂರನ್ನೂ ಈ ವಯಸ್ಸಿನವರಿಗೆ ಹೇಗೆ ಹೇಳುತ್ತೀರಿ? ಮೇಷ್ಟ್ರುಗಳು, ವಕೀಲರು, ಅಪ್ಪ ಅಮ್ಮಂದಿರು ಎಲ್ಲರೂ ಹೇಳಿ.

ಬಿಸಿಬೇಳೆ
ವರ್ಗಾವಣೆ ಅರ್ಜಿ ಬರೆದಿಟ್ಟುಕೊಳ್ಳಿ ಸಾರ್ 😄

ಕರಿಕೋಟು
ವಕೀಲಳಾಗಿ ಹೇಳುತ್ತಿದ್ದೇನೆ. "ಇದೆ" ಅನ್ನೋದು ಅರ್ಧ ಉತ್ತರ. ಹೊಲ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಅಂತ ಮೊದಲು ಕೇಳಬೇಕು. ಅಪ್ಪ ತಾನೇ ದುಡಿದು ಕೊಂಡ ಜಮೀನಾದರೆ ಯಾರಿಗೆ ಬೇಕಾದರೂ ವಿಲ್ ಬರೆಯಬಹುದು, ಮಗಳು ಮಗ ಇಬ್ಬರಿಗೂ ಕೊಡದೆ ದಾನವನ್ನೂ ಮಾಡಬಹುದು.

ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆದರೆ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಪಾಲು. ಕರ್ನಾಟಕದಲ್ಲಿ ಇದು 1994ರಲ್ಲೇ ಬಂತು, ಆದರೆ ಅದಕ್ಕೆ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿದ್ದರು. 2005ರ ಕೇಂದ್ರದ ತಿದ್ದುಪಡಿ ಆ ಭೇದ ತೆಗೆಯಿತು. ಅಪ್ಪ 2005ಕ್ಕೆ ಮುಂಚೆ ತೀರಿಕೊಂಡಿದ್ದರೆ ಏನು ಅನ್ನೋ ಗೊಂದಲ ಇತ್ತು. 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಕೇಸಿನಲ್ಲಿ ಸುಪ್ರೀಂ ಕೋರ್ಟು, ಅಪ್ಪ ಬದುಕಿರಲಿ ಬಿಡಲಿ ಮಗಳ ಹಕ್ಕು ಹುಟ್ಟಿನಿಂದಲೇ ಅಂತ ಹೇಳಿ ಮುಗಿಸಿತು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಬೇರೆ ನಿಯಮ. ಕ್ಲಾಸಿನಲ್ಲಿ ಎಲ್ಲಾ ಥರದ ಮಕ್ಕಳೂ ಇರುತ್ತಾರಲ್ಲ, ಅದನ್ನೂ ಹೇಳಿ.

ನಿಮ್ಮ ಹೊಣೆಗಾರಿಕೆ ಪಾಠಕ್ಕೆ ಬೇಕಾದ ಸಾಲು ಅದೇ 2005ರ ಕಾಯ್ದೆಯಲ್ಲಿದೆ. ಮಗಳಿಗೆ ಮಗನಷ್ಟೇ ಹಕ್ಕು ಅಂತ ಹೇಳಿದ ಬೆನ್ನಿಗೇ, ಆ ಆಸ್ತಿಯ ಮೇಲಿನ ಹೊಣೆಗಳೂ ಅವಳಿಗೆ ಮಗನಷ್ಟೇ ಅಂತ ಬರೆದಿದ್ದಾರೆ. ಪಾಲು ಕೇಳುವವರು ಯಾರೂ ಆ ಸಾಲು ಓದುವುದಿಲ್ಲ.

ಹೇಮಾವತಿದಂಡೆ
ಕಾನೂನು ಎಲ್ಲಾ ಸರಿ ಮೇಡಂ. ನನ್ನ ಮದುವೆಯಾದ ಮಾರನೇ ವರ್ಷ ಅಣ್ಣಂದಿರು ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಂಡರು. ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ, ಕೈಗೊಂದಿಷ್ಟು ದುಡ್ಡು. ಓದಿಕೊಂಡ ನಾನೇ ಪತ್ರ ಓದದೆ ಸಹಿ ಹಾಕಿದೆ. ಓದುತ್ತಾ ನಿಂತರೆ ಅಮ್ಮನ ಮುಖ ನೋಡಲು ಆಗುತ್ತಿರಲಿಲ್ಲ. ತವರಿಗೆ ಹೋಗಿ ಬರುವ ದಾರಿ ಬೇಕಲ್ಲ.

ಆ ಹುಡುಗಿ ಏಳನೇ ಕ್ಲಾಸಿನಲ್ಲೇ ಕೇಳಿದಳಲ್ಲ, ಅವಳಿಗೆ ನನ್ನದೊಂದು ಶಾಬಾಶ್ ಹೇಳಿ.

ನಿವೃತ್ತಟೀಚರಮ್ಮ
ಮೇಷ್ಟ್ರೇ, ಹೊಲದಿಂದ ಶುರು ಮಾಡಿದರೆ ಬೆಂಕಿ ಹತ್ತದೆ ಇನ್ನೇನು! ನಲ್ಲಿಯಿಂದ ಶುರು ಮಾಡಬೇಕು. ನಾನು ಆರನೇ ಕ್ಲಾಸಿಗೆ ಮೊದಲು ಕೇಳುತ್ತಿದ್ದದ್ದು, "ಶಾಲೆಯ ನಲ್ಲಿ ಯಾರದು?" ಸರ್ಕಾರದ್ದು ಅನ್ನುತ್ತಿದ್ದರು. ಹಾಗಾದರೆ ಮುರಿದರೆ ಯಾರು ಬಾಯಾರಿ ಕೂರುತ್ತಾರೆ ಅಂದರೆ ಸುಮ್ಮನಾಗುತ್ತಿದ್ದರು. ಸರ್ಕಾರದ್ದು ಅಂದರೆ ಯಾರದೂ ಅಲ್ಲ ಅನ್ನೋ ಭಾವನೆ ಮನೆಯಿಂದಲೇ ಬಂದಿರುತ್ತದೆ.

ಸಿಕ್ಕಿದ ವಸ್ತುವಿನ ಡಬ್ಬಿ ಒಂದನ್ನು ಕ್ಲಾಸಿನಲ್ಲಿ ಇಟ್ಟಿದ್ದೆ. ರಬ್ಬರು, ಪೆನ್ಸಿಲ್, ಕಿವಿಯೋಲೆ, ಒಂಟಿ ಚಪ್ಪಲಿ. ಲೆಕ್ಕ ಇಡಲು ವಾರಕ್ಕೊಬ್ಬ ಹುಡುಗ ಅಥವಾ ಹುಡುಗಿ. ಶುರುವಿನಲ್ಲಿ ಎಲ್ಲರೂ "ನಂದು ನಂದು" ಅನ್ನುತ್ತಿದ್ದರು. "ಗುರುತು ಹೇಳು" ಅನ್ನೋ ನಿಯಮವನ್ನು ಮಕ್ಕಳೇ ತಂದರು. ನಾನು ಹೇಳಿಕೊಡಲಿಲ್ಲ.

ಮೊದಲು ಕರ್ತವ್ಯ, ಆಮೇಲೆ ಹಕ್ಕು. ಈಗಿನವರಿಗೆ ಇದು ರುಚಿಸುವುದಿಲ್ಲ, ಗೊತ್ತು.

ಸೊಪ್ಪಿನಸಾರು
ರುಚಿಸುವುದಿಲ್ಲ ನಿಜ ಟೀಚರ್, ಯಾಕೆ ಅಂತ ಹೇಳುತ್ತೇನೆ. ನಮ್ಮ ಸಂವಿಧಾನದಲ್ಲಿ ಹಕ್ಕುಗಳು 1950ರಿಂದ ಇವೆ. ಮೂಲಭೂತ ಕರ್ತವ್ಯಗಳು ಬಂದದ್ದು 1976ರಲ್ಲಿ, 42ನೇ ತಿದ್ದುಪಡಿಯಲ್ಲಿ, ತುರ್ತು ಪರಿಸ್ಥಿತಿಯ ನಡುವೆ. ಜನರ ಬಾಯಿ ಮುಚ್ಚಿಸಿದ್ದ ಹೊತ್ತಲ್ಲೇ "ನಿಮ್ಮ ಕರ್ತವ್ಯ ಹೀಗಿದೆ ನೋಡಿ" ಅಂತ ಪಟ್ಟಿ ಕೊಟ್ಟರು. ಶಾಲೆಯಲ್ಲೂ ಅಷ್ಟೇ. ಪ್ರಶ್ನೆ ಕೇಳಿದ ಮಗುವಿಗೆ "ಮೊದಲು ಹೋಂವರ್ಕ್ ಮಾಡು" ಅನ್ನುತ್ತೇವೆ.

ನಿವೃತ್ತಟೀಚರಮ್ಮ
ಯಾವಾಗ ಬಂತು ಅನ್ನೋದು ಇರಲಿ ಮಗಾ, ಬರೆದದ್ದು ಏನು ಅಂತ ನೋಡು. ಸಾರ್ವಜನಿಕ ಆಸ್ತಿ ಕಾಪಾಡಬೇಕು ಅಂತ ಇದೆ. ಅದರಲ್ಲಿ ತಪ್ಪೇನು? ಬಸ್ಸಿನ ಸೀಟು ಬ್ಲೇಡಲ್ಲಿ ಕೊಯ್ಯುವುದು ಸ್ವಾತಂತ್ರ್ಯವಾ?

ಸೊಪ್ಪಿನಸಾರು
ತಪ್ಪು ಅಂದೆನಾ? ಕ್ರಮ ತಪ್ಪು ಅಂದೆ. ತನ್ನ ಮೇಕೆಮರಿಯನ್ನು ಕೇಳದೆ ಮಾರಿದಾಗ ಬಾಯಿ ಬಿಡಲಾಗದ ಹುಡುಗಿಗೆ ಬಸ್ಸಿನ ಸೀಟು ತನ್ನದು ಅಂತ ಅನ್ನಿಸುವುದು ಹೇಗೆ?

ಬಿಸಿಬೇಳೆ
ಆ ಮೇಕೆ ಕೇಸ್ ಏನಾಯ್ತು? ಕಾನೂನಿನ ಪ್ರಕಾರ ಅದು ಅವಳದೇನಾ?

ಕರಿಕೋಟು
ಚಿಕ್ಕವರ ಹೆಸರಲ್ಲಿ ಆಸ್ತಿ ಇರಬಹುದು, ಅದಕ್ಕೆ 18 ತುಂಬಬೇಕಾಗಿಲ್ಲ. 18 ಬೇಕಾದ್ದು ಕರಾರು ಮಾಡಿಕೊಳ್ಳಲು. ಮರಿಯನ್ನು ಅಜ್ಜಿಯೋ ಮಾವನೋ ಅವಳಿಗೇ ಅಂತ ಕೊಟ್ಟಿದ್ದರೆ ಅದು ಅವಳದು. ಅಪ್ಪ ನೋಡಿಕೊಳ್ಳುವ ಪೋಷಕ ಅಷ್ಟೇ. ಜಮೀನೋ ಮನೆಯೋ ಮಗುವಿನ ಹೆಸರಲ್ಲಿದ್ದರೆ 1956ರ ಹಿಂದೂ ಅಪ್ರಾಪ್ತರ ಕಾಯ್ದೆ ಪ್ರಕಾರ ಕೋರ್ಟಿನ ಅನುಮತಿ ಇಲ್ಲದೆ ಅಪ್ಪನೂ ಮಾರುವ ಹಾಗಿಲ್ಲ. ಮೇಕೆಗೆ ಕೋರ್ಟು ಬೇಡ. ದುಡ್ಡು ಮಾತ್ರ ಅವಳ ಒಳ್ಳೆಯದಕ್ಕೆ ಖರ್ಚಾಗಬೇಕು.

ಡಬ್ಬಿ ವಿಷಯಕ್ಕೂ ಒಂದು ಮಾತು. ಸಿಕ್ಕಿದ್ದು ಸಿಕ್ಕಿದವನದೇ ಅನ್ನೋದು ಆಟದ ನಿಯಮ, ಕಾನೂನಲ್ಲ. 1872ರ ಕರಾರು ಕಾಯ್ದೆಯಲ್ಲಿ ಸಿಕ್ಕಿದ ವಸ್ತುವನ್ನು ಇಟ್ಟುಕೊಂಡವನು ಜೋಪಾನ ಮಾಡಬೇಕು ಅಂತಲೇ ಇದೆ.

ಸರ್ವೇನಂಬರ್
ಮೇಷ್ಟ್ರೇ, ನಾನು ಕಂದಾಯ ಇಲಾಖೆ ಮಂದಿ. ಸುಮ್ನೆ ಒಂದು ಪಹಣಿ, ಅಂದರೆ ಹೊಲದ ಸರ್ಕಾರಿ ದಾಖಲೆ, ಕ್ಲಾಸಿಗೆ ತಗೊಂಡು ಹೋಗಿ. ಹೆಸರುಗಳ ಮೇಲೆ ಕಾಗದ ಅಂಟಿಸಿ ಜೆರಾಕ್ಸ್ ಮಾಡಿಸಿ, ಯಾರ ಹೊಲ ಅಂತ ಗೊತ್ತಾಗಬಾರದು. ದಾಖಲೆಗಳನ್ನು ಕಂಪ್ಯೂಟರಿಗೆ ಹಾಕಿದ ಭೂಮಿ ಯೋಜನೆ ಬಂದ ಮೇಲೆ ಪಹಣಿ ತೆಗೆಸುವುದು ಕಷ್ಟವೇನಲ್ಲ.

9ನೇ ಕಾಲಂ ನೋಡಿಸಿ. ಅಲ್ಲಿ ಮಾಲೀಕನ ಹೆಸರು, ಎಷ್ಟು ಎಕರೆ ಎಷ್ಟು ಗುಂಟೆ. 40 ಗುಂಟೆಗೆ ಎಕರೆ, ಗಣಿತದ ಪಾಠವೂ ಆಯಿತು. ಆಮೇಲೆ 12ನೇ ಕಾಲಂ. ಅಲ್ಲಿ ಸಾಗುವಳಿ ಯಾರು ಮಾಡುತ್ತಿದ್ದಾರೆ, ಏನು ಬೆಳೆ ಅಂತ. ಎರಡೂ ಕಾಲಂ ಯಾಕೆ ಬೇಕು ಅಂತ ಮಕ್ಕಳನ್ನೇ ಕೇಳಿ. ನಡುವೆ 11ನೇ ಕಾಲಂ ಇದೆ, ಹಕ್ಕುಗಳು ಮತ್ತು ಋಣಗಳು. ಬ್ಯಾಂಕಿನ ಸಾಲ ಇದ್ದರೆ ಅಲ್ಲಿ ಕೂತಿರುತ್ತದೆ. ಸಾಲ ತೀರಿಸಿದ ಮೇಲೂ ತೆಗೆಸದೆ ಎಷ್ಟೋ ಜನ ವರ್ಷಗಟ್ಟಲೆ ಹಾಗೇ ಬಿಟ್ಟಿರುತ್ತಾರೆ. ಹಕ್ಕೂ ಋಣವೂ ಒಂದೇ ಮನೆಯೊಳಗೆ ಅಚ್ಚಾಗಿದೆ, ನೀವು ಬೇರೆ ಭಾಷಣ ಮಾಡಬೇಕಾಗಿಲ್ಲ.

ಇನ್ನೊಂದು, ಖರಾಬು. ವಿಸ್ತೀರ್ಣದ ಕೆಳಗೆ 'ಅ' ಖರಾಬು, 'ಬ' ಖರಾಬು ಅಂತ ಇರುತ್ತದೆ. 'ಅ' ಅಂದರೆ ಉಳುಮೆಗೆ ಬಾರದ್ದು. 'ಬ' ಅಂದರೆ ಸಾರ್ವಜನಿಕರಿಗೆ ಬಿಟ್ಟದ್ದು, ಹಳ್ಳ, ದಾರಿ, ಇಂಥವು. ನಿನ್ನದೇ ಸರ್ವೇ ನಂಬರಿನೊಳಗೆ ನಿನ್ನದಲ್ಲದ ಜಾಗವೂ ಇದೆ ಅಂತ ಹನ್ನೆರಡು ವರ್ಷದವರಿಗೆ ತಿಳಿದರೆ ನಮ್ಮ ಆಫೀಸಿಗೆ ಬರುವ ಅರ್ಧ ಜಗಳ ಕಮ್ಮಿ ಆಗುತ್ತದೆ. ಎತ್ತಿನ ಗಾಡಿ ಹೋಗುತ್ತಿದ್ದ ದಾರಿಗೆ ಬೇಲಿ ಹಾಕುವವರು ಓದಿದವರೇ ಸ್ವಾಮಿ.

ಹಳ್ಳಿಮೇಷ್ಟ್ರು
@ಸರ್ವೇನಂಬರ್ ಇದು ಭಾರಿ ಇಷ್ಟವಾಯಿತು. ನಮ್ಮ ಶಾಲೆ ಪಕ್ಕದಲ್ಲೇ ಅಂಥ ಒಂದು ಬಂಡಿದಾರಿ ಇದೆ, ಅರ್ಧ ಒತ್ತುವರಿ.

ಸಾಗರದಡಿಕೆ
9 ಮತ್ತು 12ನೇ ಕಾಲಂ ಅಂದಿರಲ್ಲ, ನಮ್ಮ ಕಡೆ ಅದೇ ಇತಿಹಾಸ. ಕಾಗೋಡು ಸತ್ಯಾಗ್ರಹ 1951. ಗೇಣಿ, ಅಂದರೆ ಉಳುವವನು ಒಡೆಯನಿಗೆ ಕೊಡುವ ಪಾಲು, ಅಳೆಯುವ ಕೊಳಗ ದೊಡ್ಡದಾಯಿತು ಅಂತ ಶುರುವಾದ ಜಗಳ ಉಳುವವನೇ ಹೊಲದೊಡೆಯ ಅನ್ನುವಲ್ಲಿಗೆ ಬಂದು ನಿಂತಿತು. ಸಮಾಜವಾದಿ ನಾಯಕ ಲೋಹಿಯಾ ಸಾಗರಕ್ಕೆ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸು ಮುಖ್ಯಮಂತ್ರಿಯಾಗಿದ್ದ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವರು ಭೂ ನ್ಯಾಯ ಮಂಡಳಿಗೆ ಅರ್ಜಿ ಹಾಕಿ ಪಡೆದರು. ನಮ್ಮಜ್ಜ ಆ ಅರ್ಜಿ, ಫಾರಂ 7, ಹಾಕಿ ಪಡೆದ ಒಂದೂವರೆ ಎಕರೆಯಲ್ಲೇ ನಮ್ಮಪ್ಪ ಓದಿದ್ದು. ಆಸ್ತಿ ಹಕ್ಕು ಅಂದರೆ ಇದ್ದವರ ಬೇಲಿ ಮಾತ್ರ ಅಲ್ಲ ಅಂತ ಮಕ್ಕಳಿಗೆ ಹೇಳಿ ಮೇಷ್ಟ್ರೇ.

ತೀರ್ಥಹಳ್ಳಿಮಳೆ
ಇನ್ನೊಂದು ಕಡೆಯದನ್ನೂ ಹೇಳಲಿ. ನಮ್ಮಜ್ಜಿ ವಿಧವೆ. ಉಳಲು ಗಂಡಸರಿಲ್ಲ ಅಂತ ಎರಡು ಎಕರೆ ಗೇಣಿಗೆ ಕೊಟ್ಟಿದ್ದರು. ಹೋಯಿತು. ನೂರಾರು ಎಕರೆಯ ಜಮೀನ್ದಾರರಿಗೂ ನಮ್ಮಜ್ಜಿಗೂ ಒಂದೇ ಕಾನೂನು. ದೊಡ್ಡವರು ಮೊದಲೇ ಕಾಗದ ಪತ್ರ ಸರಿ ಮಾಡಿಕೊಂಡಿದ್ದರು.

ಸಾಗರದಡಿಕೆ
ಅಜ್ಜಿಯ ಕಥೆ ಕೇಳಿ ಬೇಜಾರಾಯಿತು, ಸುಳ್ಳಲ್ಲ. ಆದರೆ ಅಂಥವರನ್ನು ತೋರಿಸಿಯೇ ದೊಡ್ಡ ಧಣಿಗಳು ಕೋರ್ಟಿನಲ್ಲಿ ತಡೆ ತಂದದ್ದು ಜಾಸ್ತಿ.

ತೀರ್ಥಹಳ್ಳಿಮಳೆ
ಅದು ನಮ್ಮಜ್ಜಿಯ ತಪ್ಪಾ?

ಸೊಪ್ಪಿನಸಾರು
ಇದನ್ನೇ ಕ್ಲಾಸಿಗೆ ಕೊಡಿ ಮೇಷ್ಟ್ರೇ! ಅರ್ಧ ಮಕ್ಕಳು ಅಡಿಕೆಯವರ ಅಜ್ಜ, ಅರ್ಧ ಮಕ್ಕಳು ಮಳೆಯವರ ಅಜ್ಜಿ. ನಡುವೆ ಮೂವರು ನ್ಯಾಯ ಮಂಡಳಿ. ತೀರ್ಪು ಕೊಟ್ಟ ಮೇಲೆ ಪಾತ್ರ ಅದಲು ಬದಲು ಮಾಡಿಸಿ ಮತ್ತೆ ವಾದ ಮಾಡಿಸಿ.

ಗಣಪನಕಡುಬು
ಅದು ಹೇಗ್ರೀ ಕಿತ್ತುಕೊಳ್ಳುತ್ತಾರೆ, ಆಸ್ತಿ ಮೂಲಭೂತ ಹಕ್ಕಲ್ವಾ?

ಕಾಸರಗೋಡಿನವ
ಅಲ್ಲ. ಮೊದಲು ಇತ್ತು, ಈಗಿಲ್ಲ. 1978ರ 44ನೇ ತಿದ್ದುಪಡಿಯಲ್ಲಿ ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು 300ಎ ವಿಧಿಯಲ್ಲಿ ಇಟ್ಟರು. ಅದಕ್ಕೇ ಮೇಷ್ಟ್ರ ಮಕ್ಕಳು ಏಳು ಅಲ್ಲ, ಆರು ಹಕ್ಕು ಒಪ್ಪಿಸುವುದು. ಹಾಗಂತ ಸರ್ಕಾರ ಮನಸ್ಸಿಗೆ ಬಂದ ಹಾಗೆ ಕಿತ್ತುಕೊಳ್ಳುವ ಹಾಗಿಲ್ಲ, ಕಾನೂನಿನ ಆಧಾರ ಇರಲೇಬೇಕು.

ಈ ಕಥೆಯಲ್ಲಿ ನಮ್ಮ ಊರಿನ ಕಡೆಯ ಪಾಲೂ ಇದೆ. ಕೇಶವಾನಂದ ಭಾರತಿ ಕೇಸು ಅಂತ ಎಲ್ಲರೂ ಕೇಳಿರುತ್ತೀರಿ. ಅವರು ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. ಕೇರಳದ ಭೂ ಸುಧಾರಣೆಯಲ್ಲಿ ಮಠದ ಜಮೀನು ಹೋಗುತ್ತದೆ ಅಂತ 1970ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. 13 ನ್ಯಾಯಮೂರ್ತಿಗಳು ಕೂತು 68 ದಿನ ಕೇಳಿ, 1973ರ ಏಪ್ರಿಲ್ 24ಕ್ಕೆ 7-6ರಲ್ಲಿ ತೀರ್ಪು ಕೊಟ್ಟರು. ಸಂಸತ್ತು ಸಂವಿಧಾನ ತಿದ್ದಬಹುದು, ಅದರ ಮೂಲ ರಚನೆ ಮುಟ್ಟುವ ಹಾಗಿಲ್ಲ ಅಂತ. ಮಠದ ಜಮೀನಿನ ವಿಷಯದಲ್ಲಿ ಸ್ವಾಮಿಗಳಿಗೆ ಅಂಥ ಗೆಲುವೇನೂ ಸಿಗಲಿಲ್ಲ, ದೇಶಕ್ಕೆ ಸಿಕ್ಕಿತು. ಯಕ್ಷಗಾನ ಅಂದರೆ ಪ್ರಾಣ ಬಿಡುತ್ತಿದ್ದ ಸ್ವಾಮಿಗಳು. 2020ರಲ್ಲಿ ತೀರಿಕೊಂಡರು.

ಗಣಪನಕಡುಬು
ನಮ್ಮ ಕಾಲದ ಪುಸ್ತಕದಲ್ಲಿ ಏಳಿತ್ತು ಕಣ್ರೀ.

ಕಾಸರಗೋಡಿನವ
ಹಾಗಾದರೆ ತಮಗೆ ನನ್ನ ಸಾಷ್ಟಾಂಗ ನಮಸ್ಕಾರ, ವಯಸ್ಸಿಗೆ 🙏

ಡಲ್ಲಾಸ್‌ಅಪ್ಪ
ಇಲ್ಲಿ ಅಮೆರಿಕದಲ್ಲಿ ನನ್ನ ಮಗಳು ಏಳನೇ ಗ್ರೇಡು. ಅವಳ ಲಾಕರ್ ವಿಷಯಕ್ಕೆ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಲಾಕರ್ ಶಾಲೆಯದು, ಬೀಗ ನನ್ನದು ಅಂತ ಅವಳ ವಾದ. ಬ್ಯಾಗ್ ತಪಾಸಣೆ ಬಗ್ಗೆ ಇಲ್ಲಿ 1985ರ ಒಂದು ಸುಪ್ರೀಂ ಕೋರ್ಟ್ ತೀರ್ಪು ಇದೆ. ನ್ಯೂ ಜೆರ್ಸಿಯ 14 ವರ್ಷದ ಹುಡುಗಿ ಶಾಲೆಯ ಬಾತ್‌ರೂಮಿನಲ್ಲಿ ಸಿಗರೇಟು ಸೇದಿದಳು ಅಂತ ಅವಳ ಪರ್ಸು ಹುಡುಕಿದರು. ವಿದ್ಯಾರ್ಥಿಗೂ ಖಾಸಗಿತನ ಇದೆ, ಆದರೆ ಸಕಾರಣ ಅನುಮಾನ ಇದ್ದರೆ ಶಾಲೆಯವರು ಹುಡುಕಬಹುದು, ಪೊಲೀಸರಿಗೆ ಬೇಕಾದಷ್ಟು ಬಲವಾದ ಕಾರಣ ಬೇಕಿಲ್ಲ ಅಂತ ಹೇಳಿದರು. ಮಕ್ಕಳು ಇದನ್ನು ಕ್ಲಾಸಿನಲ್ಲಿ ಓದುತ್ತಾರೆ. ಅಲ್ಲಿ ಹೇಗೆ, ಬ್ಯಾಗ್ ಚೆಕ್ ಮಾಡುವಾಗ ಕೇಳುತ್ತಾರಾ?

ಬಿಸಿಬೇಳೆ
ಕೇಳೋದಾ? ನಮ್ಮ ಕಾಲದಲ್ಲಿ ಬ್ಯಾಗ್ ತಲೆಕೆಳಗೆ ಮಾಡಿ ಸುರಿಯುತ್ತಿದ್ದರು. ಗೋಲಿ, ನೆಲ್ಲಿಕಾಯಿ, ಸಿನಿಮಾ ಫೋಟೋ ಎಲ್ಲಾ ಸ್ಟಾಫ್ ರೂಮಿಗೆ. ನೆಲ್ಲಿಕಾಯಿ ವಾಪಸ್ ಬಂದದ್ದೇ ಇಲ್ಲ.

ಅಮ್ಮಇನ್‌ಮೈಸೂರು
ನನ್ನ ಮಗನ ಮೊಬೈಲನ್ನು ಶಾಲೆಯವರು ತೆಗೆದುಕೊಂಡು ವರ್ಷದ ಕೊನೆಗೆ ಕೊಡುತ್ತೇವೆ ಅಂದರು. ಖಾಸಗಿ ಶಾಲೆ, ಹೆಸರು ಬೇಡ. ತಂದದ್ದು ತಪ್ಪು, ಒಪ್ಪಿದೆ. ಆದರೆ ಅದು ನಾನು ಕಂತು ಕಟ್ಟುತ್ತಿರುವ ಫೋನು!

ನಿವೃತ್ತಟೀಚರಮ್ಮ
ಸಂಜೆ ಅಪ್ಪ ಅಮ್ಮನ ಕೈಗೆ ಕೊಡಬೇಕು. ವರ್ಷವಿಡೀ ಇಟ್ಟುಕೊಳ್ಳಲು ಇವರಿಗೇನು ಅಧಿಕಾರ? ಈ ವಿಷಯದಲ್ಲಿ ನಾನು ಮಕ್ಕಳ ಪಕ್ಷ.

ಸೊಪ್ಪಿನಸಾರು
ಟೀಚರಮ್ಮ ನಮ್ಮ ಪಾರ್ಟಿಗೆ ಬಂದರು, ಪಟಾಕಿ ಹೊಡೆಯಿರಿ!

ನಿವೃತ್ತಟೀಚರಮ್ಮ
ಎಲ್ಲಿಗೂ ಬಂದಿಲ್ಲ. ಕೊಟ್ಟ ವಸ್ತುವನ್ನು ಜೋಪಾನವಾಗಿ ವಾಪಸ್ ಕೊಡುವುದು ಟೀಚರ ಕರ್ತವ್ಯ. ಕರ್ತವ್ಯ ಮೊದಲು ಅಂತಲೇ ಹೇಳುತ್ತಿದ್ದೇನೆ.

ಕಾಸರಗೋಡಿನವ
ಆಸ್ತಿ ಬಗ್ಗೆಯೇ ಮಾತಾಗುತ್ತಿದೆ, ಸ್ವಾತಂತ್ರ್ಯ ಮರೆತೇ ಹೋಯಿತು. ಮಕ್ಕಳದೇ ಕೇಸು ಬೇಕಾದರೆ ಬಿಜೋ ಎಮ್ಯಾನುಯೆಲ್, 1986. ಕೇರಳದ ಮೂವರು ಮಕ್ಕಳು, ಯೆಹೋವನ ಸಾಕ್ಷಿಗಳ ಪಂಥದವರು. ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ಹಾಡುತ್ತಿರಲಿಲ್ಲ, ಅವರ ನಂಬಿಕೆಯ ಕಾರಣಕ್ಕೆ. ಶಾಲೆಯಿಂದ ಹೊರಗೆ ಹಾಕಿದರು. ಸುಪ್ರೀಂ ಕೋರ್ಟು ವಾಪಸ್ ಸೇರಿಸಿಕೊಳ್ಳಿ ಅಂತು. ಎದ್ದು ನಿಂತದ್ದು ಹೊಣೆ, ಹಾಡದೆ ಇದ್ದದ್ದು ಸ್ವಾತಂತ್ರ್ಯ. ಎರಡೂ ಒಂದೇ ನಿಮಿಷದಲ್ಲಿ.

ಗಣಪನಕಡುಬು
ಹಾಡಿದರೆ ಏನು ಗಂಟು ಹೋಗುತ್ತಿತ್ತು?

ಕಾಸರಗೋಡಿನವ
ಏನೂ ಹೋಗುತ್ತಿರಲಿಲ್ಲ ಅಂತ ನಿಮಗೆ ಅನ್ನಿಸುತ್ತದೆ. ಅವರಿಗೆ ಅನ್ನಿಸಲಿಲ್ಲ. ಕೇಸು ಇದ್ದದ್ದೇ ಅಷ್ಟಕ್ಕೆ.

ಗಣಪನಕಡುಬು
ಹೀಗೆ ಎಲ್ಲರೂ ತಮಗೆ ಅನ್ನಿಸಿದ್ದು ಮಾಡಿದರೆ ಶಾಲೆ ನಡೆದ ಹಾಗೇ. ನಾನು ಒಪ್ಪುವುದಿಲ್ಲ.

ಹೇಮಾವತಿದಂಡೆ
ಎಲ್ಲರೂ ಕೇಸು ಹೇಳುತ್ತಿದ್ದೀರಿ. ಆ ಅಪ್ಪನ ಕಥೆ ಏನು? ನಾಳೆ ಮತ್ತೆ ಗೇಟಿಗೆ ಬಂದರೆ ಮೇಷ್ಟ್ರು ಏನು ಹೇಳಬೇಕು? ಆ ಹುಡುಗಿಗೆ ಮನೆಯಲ್ಲಿ ಏನಾಗಿರಬಹುದು ಅಂತ ಯಾರಾದರೂ ಕೇಳಿದಿರಾ?

ಕರಿಕೋಟು
ಸರಿಯಾದ ಪ್ರಶ್ನೆ. ಮೇಷ್ಟ್ರೇ, ಅವರ ಮನೆ ಹೊಲದ ಬಗ್ಗೆ ಒಂದು ಮಾತೂ ಆಡಬೇಡಿ. ಅದು ಪಿತ್ರಾರ್ಜಿತವೋ, ಹಿಂದೆಯೇ ನೋಂದಣಿಯಾಗಿ ಪಾಲಾಗಿದೆಯೋ ನಿಮಗೆ ಗೊತ್ತಿಲ್ಲ. 2004ರ ಡಿಸೆಂಬರ್ 20ಕ್ಕೆ ಮುಂಚೆ ಆದ ವಿಭಾಗವನ್ನು 2005ರ ಕಾಯ್ದೆ ಕೆದಕುವುದಿಲ್ಲ. ಕಾನೂನು ಹೀಗಿದೆ ಅಂತ ಹೇಳುವುದು ಪಾಠ. ನಿಮ್ಮನೆಯಲ್ಲಿ ಇಷ್ಟು ಬರಬೇಕು ಅಂದರೆ ಅದು ವಕೀಲಿಕೆ, ಅದಕ್ಕೆ ನಾವಿದ್ದೇವೆ, ಫೀಸೂ ಇದೆ.

ಆ ಅಪ್ಪನಿಗೆ ಹೇಳಲು ಒಂದು ಮಾತಿದೆ. ಮೊದಲೆಲ್ಲ ಅಪ್ಪನ ಸಾಲಕ್ಕೆ ಮಗ ಹೊಣೆ ಅನ್ನೋ ಹಳೇ ಧರ್ಮದ ನಿಯಮವನ್ನು ಕೋರ್ಟುಗಳೂ ಒಪ್ಪುತ್ತಿದ್ದವು. 2005ರ ತಿದ್ದುಪಡಿ ಆ ನಿಯಮವನ್ನೂ ಮುಂದಿನ ಸಾಲಗಳಿಗೆ ಅನ್ವಯಿಸದ ಹಾಗೆ ತೆಗೆಯಿತು. ಅಂದರೆ ಅದೇ ಕಾಯ್ದೆ ಅವರ ಮಗನ ತಲೆಯ ಮೇಲಿನ ಭಾರವನ್ನೂ ಇಳಿಸಿದೆ. ಇದು ಯಾರಿಗೂ ಗೊತ್ತಿಲ್ಲ. ಅಣ್ಣನಿಗೆ ಲುಕ್ಸಾನು, ತಂಗಿಗೆ ಲಾಭ ಅನ್ನೋ ಲೆಕ್ಕ ಅಷ್ಟು ಸಲೀಸಲ್ಲ.

ಹಳ್ಳಿಮೇಷ್ಟ್ರು
@ಹೇಮಾವತಿದಂಡೆ ಹುಡುಗಿ ಶಾಲೆಗೆ ಬರುತ್ತಿದ್ದಾಳೆ ಅಕ್ಕ. ಎರಡು ದಿನ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಇವತ್ತು ಗೆಳತಿಯ ಜೊತೆ ಕುಂಟೆಬಿಲ್ಲೆ ಆಡುತ್ತಿದ್ದಳು. ನಮ್ಮ ಬಿಸಿಯೂಟದ ಅಡುಗೆಯವರು ಅವಳ ದೊಡ್ಡಮ್ಮ ಆಗಬೇಕು. "ಬೈದರು, ಹೊಡೆಯಲಿಲ್ಲ, ಅವ್ವ ಮಾತ್ರ ಒಳಗೊಳಗೇ ನಕ್ಕಳು" ಅಂತ ವರದಿ ಕೊಟ್ಟರು.

ಎಲ್ಲರ ಮಾತು ಓದಿದೆ. ಹೆಸರು ಮುಚ್ಚಿದ ಪಹಣಿ ತರುತ್ತೇನೆ. ಅಜ್ಜ-ಅಜ್ಜಿ ವಾದ ಎಂಟನೇ ಕ್ಲಾಸಿಗೆ ಇಡುತ್ತೇನೆ, ಏಳಕ್ಕೆ ಅದು ಭಾರ. ಡಬ್ಬಿ ಇವತ್ತೇ ಇಟ್ಟೆ, ಹಾರ್ಲಿಕ್ಸ್ ಬಾಟಲಿ. ಕೈವಾರದ ಕೇಸು ಮೊದಲು ದಾಖಲಾಗಿದೆ, ಇಬ್ಬರೂ "ಗುರುತು" ಅಂತ ಒಂದೇ ಗೀರು ತೋರಿಸುತ್ತಿದ್ದಾರೆ. ಬಂಡಿದಾರಿ ಒತ್ತುವರಿಯನ್ನು ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳೇ ಕೇಳಲಿ ಅಂತ ಯೋಚನೆ. ಒತ್ತುವರಿ ಮಾಡಿದವರು ಪಂಚಾಯ್ತಿ ಮೆಂಬರ್ರು, ಅದಕ್ಕೆ ಹೆಡ್ ಮಾಸ್ಟರಿಗೆ ಇನ್ನೂ ಹೇಳಿಲ್ಲ.

ಆ ಅಪ್ಪನನ್ನು ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಕರೆದಿದ್ದೇನೆ. ಬರುತ್ತೇನೆ ಅಂದಿಲ್ಲ, ಬರೋದಿಲ್ಲ ಅಂತಲೂ ಅಂದಿಲ್ಲ.

ಬಿಸಿಬೇಳೆ
ಮೆಂಬರ್ ಅಂದಿರಾ? ಹಾಗಾದರೆ ವರ್ಗಾವಣೆ ಅರ್ಜಿಗೆ ಎರಡು ಕಾಪಿ 😄

ಸಾಗರದಡಿಕೆ
ಮಕ್ಕಳು ಕೇಳುವ ಮುಂಚೆ ಗ್ರಾಮ ನಕ್ಷೆ ತೆಗೆಸಿ. ಅದರಲ್ಲಿ ದಾರಿ ಇದ್ದರೆ ಮೆಂಬರ್ರು ಬಾಯಿ ಬಿಡುವ ಹಾಗಿಲ್ಲ.

ತೀರ್ಥಹಳ್ಳಿಮಳೆ
ಇದೊಂದಕ್ಕೆ ಅಡಿಕೆಯವರ ಮಾತು ಒಪ್ಪುತ್ತೇನೆ. ನಕ್ಷೆ ಇಲ್ಲದೆ ಹೋದರೆ ಮಕ್ಕಳನ್ನು ಬೈದು ಕಳಿಸುತ್ತಾರೆ.

ಅಮ್ಮಇನ್‌ಮೈಸೂರು
@ಸರ್ವೇನಂಬರ್ ಸರ್, ವಿಷಯ ಬೇರೆ, ಬೈಬೇಡಿ. ನಮ್ಮ ಮಾವನವರ ಪಹಣಿಯಲ್ಲಿ ಐದು ಜನರ ಹೆಸರು ಒಟ್ಟಿಗೆ ಇದೆ. ನಮ್ಮ ಭಾಗ ಮಾತ್ರ ಮಾರಬೇಕು ಅಂದರೆ ಪೋಡಿ (ಭಾಗಗಳನ್ನು ಅಳೆದು ಬೇರೆ ಬೇರೆ ದಾಖಲೆ ಮಾಡುವುದು) ಆಗಲೇಬೇಕಾ?

ಸರ್ವೇನಂಬರ್
ಭಾಗ ಮಾರಲು 11ಇ ನಕ್ಷೆ, ಅಂದರೆ ಮಾರುವ ಭಾಗವನ್ನು ಅಳೆದು ಬರೆದ ನಕ್ಷೆ, ಬೇಕಮ್ಮ, ಅದಿಲ್ಲದೆ ನೋಂದಣಿ ಆಗೋದಿಲ್ಲ. ಅಳತೆ ಮಾಡುವ ದಿನ ಉಳಿದ ನಾಲ್ವರಿಗೂ ಮೊದಲೇ ಹೇಳಿ ಕರೆಸಿ. ಒಬ್ಬರು ಬಂದು ಕಲ್ಲಿನ ಹತ್ತಿರ ತಕರಾರು ತೆಗೆದರೆ ಸರ್ವೇಯರ್ ಚೈನು ಮಡಚಿಕೊಂಡು ವಾಪಸ್ ಬರುತ್ತಾನೆ. ಮನೆಯ ಹೆಣ್ಣುಮಕ್ಕಳ ಹೆಸರು ಸೇರಿದೆಯಾ ಅಂತಲೂ ಒಂದು ಸಲ ನೋಡಿಬಿಡಿ, ಆಮೇಲೆ ಕರಿಕೋಟು ಮೇಡಂ ಹತ್ತಿರ ಹೋಗುವ ಖರ್ಚು ಉಳಿಯುತ್ತದೆ.

ಕರಿಕೋಟು
ನನ್ನ ಹೊಟ್ಟೆ ಮೇಲೆ ಹೊಡೆಯಬೇಡಿ ಸಾರ್.